ತೆಂಗಳಿಯವರ ಖುಷಿ

ಸೇಡಂನ ಅಮೃತಪ್ಪನ ಮನೆಯಲ್ಲಿ ರಾತ್ರಿ ಊಟದ ತಾಟು ನೋಡಿದರೆ ಸಾಕು, ಆವತ್ತು ಆಸ್ಪತ್ರೆಯಲ್ಲಿ ಗಂಡು ಹುಟ್ಟಿದೆಯೋ ಹೆಣ್ಣು ಹುಟ್ಟಿದೆಯೋ ಗೊತ್ತಾಗುತ್ತಿತ್ತು. ಗಂಡು ಹುಟ್ಟಿದ ದಿನ ಕೋಳಿ ಸಾರು, ಇಲ್ಲವೇ ಕಾಗಿಣಾ ಹೊಳೆಯ ಮೀನು. ಹೆಣ್ಣು ಹುಟ್ಟಿದ ದಿನ ಪುಂಡಿಪಲ್ಯ. ಯಾರೂ ಹುಟ್ಟದ ದಿನ ರೊಟ್ಟಿಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿಯೇ ಗತಿ.

ಅಮೃತಪ್ಪನ ಸೊಸೆ ಭುವನೇಶ್ವರಿ ಪೇಟೆಯ ಒಂದು ಖಾಸಗಿ ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ಹೆರಿಗೆ ಕೋಣೆಯಿಂದ ಬಂದು ಗಂಡೋ ಹೆಣ್ಣೋ ಎಂದು ಮೊದಲು ಹೇಳಿದವರ ಕೈಗೆ ಹೊರಗೆ ಕಾದು ಕುಳಿತ ಮಂದಿ ಏನಾದರೂ ಇಡುವುದು ಅಲ್ಲಿಯ ಪದ್ಧತಿ. ಅದಕ್ಕೆ ಖುಷಿ ಅನ್ನುತ್ತಾರೆ. ಗಂಡಾದರೆ ಐನೂರು, ಕೈ ಬಿಚ್ಚುವ ಮಂದಿಯಾದರೆ ಸಾವಿರ. ಹೆಣ್ಣಾದರೆ 'ಲಕ್ಷ್ಮಿ ಬಂದಾಳ' ಎಂದು ಬಾಯಿತುಂಬ ಹೇಳಿ ನೂರು ಕೊಟ್ಟರೆ ಕೊಟ್ಟರು, ಇಲ್ಲವಾದರೆ ಲಕ್ಷ್ಮಿಯ ಹೆಸರಿನಲ್ಲಿ ಬರಿಗೈ. ಬಂದದ್ದರಲ್ಲಿ ಅರ್ಧ ಸುದ್ದಿ ಹೇಳಿದವಳಿಗೆ, ಉಳಿದದ್ದು ಇನ್ನೊಬ್ಬ ಆಯಾಗೂ ಕಸ ಹೊಡೆಯುವವಳಿಗೂ. ಹಾಗಾಗಿ ಬಾಗಿಲು ಮುಟ್ಟಲು ಭುವನೇಶ್ವರಿಗೂ ಆ ಇನ್ನೊಬ್ಬ ಆಯಾ ಜಬೀನ್‌ಗೂ ಓಟದ ಪಂದ್ಯ. ಬಾಯಿಬಿಟ್ಟು ಯಾರೂ ಕೇಳುತ್ತಿರಲಿಲ್ಲ. ಆದರೆ ಕೈಗೆ ಬೀಳುವ ತನಕ ಬಾಗಿಲಲ್ಲಿ ನಿಂತವರು ಅಲ್ಲಾಡುತ್ತಲೂ ಇರಲಿಲ್ಲ.

ಪಗಾರ ಹೆಚ್ಚಿಸಿರೆಂದು ಕೇಳಿದಾಗ ಡಾಕ್ಟರ್ ಮೇಡಂ ನಕ್ಕು, "ನಿಮಗ ಖುಷಿ ಬರ್ತದಲ್ಲಾ" ಅಂದಿದ್ದರು. ಅಂದರೆ ಆಯಾಗಳ ಪಗಾರದ ಒಂದು ಪಾಲನ್ನು ಊರ ಮಂದಿ ಕೊಡಬೇಕು, ಅದೂ ಗಂಡು ಹುಟ್ಟಿದರೆ! ಹೆಣ್ಣುಮಕ್ಕಳಿಗಾಗಿ ಆಸ್ಪತ್ರೆ ಕಟ್ಟಿದ ಹೆಣ್ಣುಮಗಳ ಲೆಕ್ಕಾಚಾರ ಇದು. ಕೇಳಿದವರಿಗೆ ಸಿಟ್ಟು ಬಾರದೆ ಇರುತ್ತದೆಯೇ?

ಸಿಟ್ಟು ಮಾಡಿಕೊಳ್ಳುವ ಸ್ಥಿತಿಯಲ್ಲಿ ಮಾತ್ರ ಆ ಮನೆ ಇರಲಿಲ್ಲ. ಭುವನೇಶ್ವರಿಯ ಗಂಡ ಆನಂದಕುಮಾರ ಸಿಮೆಂಟ್ ಫ್ಯಾಕ್ಟರಿಯಲ್ಲಿ ಚೀಲ ತುಂಬುವ ಗುತ್ತಿಗೆ ಕೆಲಸದವನು. ಫ್ಯಾಕ್ಟರಿ ರಿಪೇರಿಗೆ ನಿಂತು ಎರಡು ತಿಂಗಳಾಗಿತ್ತು. ಅಮೃತಪ್ಪ ಕಾಯಂ ಆಗದೆಯೇ ಟಪಾಲು ಹಂಚಿ ಮುದುಕನಾದವನು, ಪಿಂಚಣಿ ಇಲ್ಲ. ಅವನ ಹೆಂಡತಿ ಸುಂದರಬಾಯಿಯ ಕೈಯಲ್ಲಿ ಮನೆಯ ಖರ್ಚು. ಏಳನೆಯ ಇಯತ್ತೆಯ ಮೊಮ್ಮಗಳು ಭಾಗ್ಯವಂತಿ.

ಒಂದು ರಾತ್ರಿ ಕೋಳಿ ಸಾರಿನ ಮುಂದೆ ಕುಳಿತ ಅಮೃತಪ್ಪ ತಾಟು ಅತ್ತ ಸರಿಸಿದ.

"ಮಂದಿ ಕೈ ನೋಡಿ ತಂದ ರೊಕ್ಕದ ಕೋಳಿ ಇದು. ಗಂಟಲದಾಗ ಇಳೀವಲ್ದು."

"ಎರಡು ತುಂಡು ಇಳದಾವಲ್ಲ, ಮೂರನೇದ್ಕ ಏನ್ ಅಡ್ಡ ಬಂತು?" ಅಂದಳು ಸುಂದರಬಾಯಿ. "ಮನಿಆರ್ಡರ್ ಕೊಡ್ಲಿಕ್ಕಿ ಹೋದಾಗ ಮುದುಕೇರು ನಿಮ್ಮ ಕೈಯಾಗ ಐದೈದು ರೂಪಾಯಿ ಇಡ್ತಿದ್ರಲ್ಲ, ಆಗ ಹ್ಯಾಂಗ ಇಳೀತಿತ್ತು?"

"ಅದು ಚಹಾಕ್ಕ. ನಾ ಕೇಳ್ತಿದ್ದಿಲ್ಲ."

"ಇಕಿನೂ ಕೇಳಂಗಿಲ್ಲ."

ಭಾಗ್ಯವಂತಿ ಬಾಯೊಳಗಿನ ತುತ್ತು ನುಂಗಿ ಅಜ್ಜಿಯನ್ನು ಕೇಳಿದಳು, "ಆಯಿ, ನಾ ಹುಟ್ಟಿದಾಗ ನೀ ಆಯಾಗ ಎಷ್ಟು ಖುಷಿ ಕೊಟ್ಟಿದ್ದಿ?"

"ಕೊಟ್ಟಿದ್ದೆ ಬಿಡು."

"ಎಷ್ಟು?"

"ಸುಮ್ಮನ ಉಣ್ಣು. ಮಾತಾಡಿದ್ರ ಎಲುಬು ಸಿಗಿಬೀಳ್ತದ."

ಭುವನೇಶ್ವರಿ ಮಗಳ ತಾಟಿಗೆ ಇನ್ನಷ್ಟು ಸಾರು ಬಡಿಸಿದಳು. ಆವತ್ತು ಯಾರಿಗೂ ಏನೂ ಕೊಟ್ಟಿರಲಿಲ್ಲವೆಂಬುದು ಅವಳಿಗೆ ಗೊತ್ತಿತ್ತು.

ಮರುವಾರ ಒಂದು ಸಂಜೆ ಎರಡು ಹೆರಿಗೆ ಒಟ್ಟಿಗೇ ಬಂದವು. ಹೆರಿಗೆ ಕೋಣೆಯಲ್ಲಿ ಎರಡು ಮೇಜು, ನಡುವೆ ಒಂದು ಪರದೆ. ಒಂದರ ಮೇಲೆ ಚಿಂಚೋಳಿ ಕಡೆಯ ಹೆಣ್ಣುಮಗಳು, ಇನ್ನೊಂದರ ಮೇಲೆ ಪ್ರೀತಿ. ಪ್ರೀತಿಯ ತವರು ಕಾಳಗಿ, ಗಂಡನ ಮನೆ ತೆಂಗಳಿ. ಹುಟ್ಟಿದ ಮಗುವಿನ ಕಾಲಿಗೆ ಮೊದಲು ತಾಯಿಯ ಹೆಸರಿನ ಪಟ್ಟಿ ಕಟ್ಟಬೇಕು, ಆಮೇಲೆ ತಾಯಿಗೆ ತೋರಿಸಬೇಕು, ಆಮೇಲೆ ಹೊರಗಿನವರಿಗೆ ಹೇಳಬೇಕು. ಇದು ಆಸ್ಪತ್ರೆಯ ನಿಯಮ. ಪ್ರೀತಿಯ ಮೇಜಿನ ಪಕ್ಕದ ಟ್ರೇಯಲ್ಲಿ ಒಂದು ಗಂಡುಕೂಸು ಕೈಕಾಲು ಬಡಿಯುತ್ತಿತ್ತು. ನರ್ಸ್ ಇನ್ನೂ ಪಟ್ಟಿ ಹುಡುಕುತ್ತಿದ್ದಳು. ಜಬೀನ್ ಆಗಲೇ ಕೈ ಒರೆಸಿಕೊಳ್ಳುತ್ತಿದ್ದಳು. ಭುವನೇಶ್ವರಿ ಓಡಿದಳು.

"ತೆಂಗಳಿಯವರು ಯಾರ್ರಿ? ಗಂಡು ಕೂಸು!"

ಪ್ರೀತಿಯ ಅತ್ತೆ ಚಂದ್ರಕಲಾ ಎದ್ದು ಬಂದು ಐನೂರರ ಎರಡು ನೋಟು ಅವಳ ಕೈಯಲ್ಲಿಟ್ಟು, ಚೀಲದಿಂದ ಪೇಡೆ ತೆಗೆದು ಬಾಯಿಗೇ ಹಾಕಿದಳು. ಮಾವ ಅಂಬರಾಯ ಊರಿಗೆಲ್ಲ ಫೋನ್ ಹಚ್ಚಿದ. ಗಂಡ ಸಾಯಿಕುಮಾರ ಇನ್ನಷ್ಟು ಪೇಡೆ ತರಲು ಬೈಕು ಹತ್ತಿದ. ಮೂಲೆಯಲ್ಲಿ ನಿಂತಿದ್ದ ಪ್ರೀತಿಯ ತಾಯಿ ಯಂಕಮ್ಮ ಎರಡೂ ಕೈ ಎತ್ತಿ ಯಾವುದೋ ದೇವರಿಗೆ ಮುಗಿದಳು.

ಸಾಯಿಕುಮಾರ ಪೇಡೆ ತಂದು ಹಂಚುತ್ತಿದ್ದಾಗಲೇ ನರ್ಸ್ ಬಟ್ಟೆಯಲ್ಲಿ ಸುತ್ತಿದ ಮಗು ಹಿಡಿದು ಹೊರಗೆ ಬಂದಳು. "ಪ್ರೀತಿ ಕಡೆಯವರು ಬರ್ರಿ. ಹೆಣ್ಣು ಕೂಸು."

"ನಮ್ಮದು ಗಂಡು," ಅಂದಳು ಚಂದ್ರಕಲಾ. "ಇದು ಬ್ಯಾರೆಯವರದು."

ಪಟ್ಟಿ ತೋರಿಸಿದರೂ ಕೇಳಲಿಲ್ಲ. "ಕೂಸು ಬದಲಿ ಮಾಡ್ಯಾರ!" ಎಂದು ಅವಳು ಕೂಗಿದ ಕೂಗಿಗೆ ಕೆಳಗಿನ ಮೆಡಿಕಲ್ ಅಂಗಡಿಯವರೂ ಮೇಲೆ ಬಂದರು. ಡಾಕ್ಟರ್ ಮೇಡಂ ಬಂದು ಕೇಳಿದರು, "ಗಂಡು ಅಂತ ನಿಮಗ್ಯಾರು ಹೇಳಿದ್ರು?"

ಚಂದ್ರಕಲಾ ಬೆರಳು ತೋರಿಸಿದಳು. ಮೇಡಂ ಭುವನೇಶ್ವರಿಯ ಮುಖ ನೋಡಿದರು. ಆ ನೋಟಕ್ಕೆ ಭುವನೇಶ್ವರಿಯ ಬಾಯಿಂದ ಹೊರಟ ಮಾತು ಇದು: "ನಾ ಹೇಳಿಲ್ರಿ."

ಪೇಡೆಯ ಸಿಹಿ ಇನ್ನೂ ನಾಲಿಗೆಯ ಮೇಲಿತ್ತು.

ಅಲ್ಲಿಗೆ ಕೆಲಸ ಪೂರ್ತಿ ಕೆಟ್ಟಿತು. ಹೇಳಿದ್ದನ್ನೇ ಹೇಳಿಲ್ಲ ಅನ್ನುವವರು ಇನ್ನೇನು ಮಾಡಿರಲಿಕ್ಕಿಲ್ಲ ಎಂದು ತೆಂಗಳಿಯವರು ಗಟ್ಟಿಯಾಗಿ ನಂಬಿದರು. ಅವರು ನಂಬಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ. ಮಗುವನ್ನು ಮುಟ್ಟದೆ ಮೆಟ್ಟಿಲಿಳಿದು ಹೋದರು. ಒಳಗೆ ಕರೆದ ಮೇಡಂ ಭುವನೇಶ್ವರಿಗೆ ಹೇಳಿದರು, "ಖುಷಿ ಗಿಷಿ ಅಂತ ಹೊರಗ ಬಾಯಿ ಬಿಟ್ಟಿ ಅಂದ್ರ ನಾಳಿಂದ ಬರಬ್ಯಾಡ. ಮಂದಿ ಕಡಿಂದ ರೊಕ್ಕ ತಗೋ ಅಂತ ನಾ ಯಾವಾಗರ ಹೇಳೀನೇನು?"

ಆ ರಾತ್ರಿ ಭುವನೇಶ್ವರಿ ಮನೆಯವರ ಮುಂದೆ ಎಲ್ಲ ಹೇಳಿ, ಎರಡೂ ನೋಟುಗಳನ್ನು ದೇವರ ಜಗಲಿಯ ಮೇಲಿಟ್ಟಳು.

"ದೇವರ ಮುಂದ ಯಾಕ ಇಟ್ಟಿ?" ಅಂದ ಅಮೃತಪ್ಪ. "ಅವನಿಗೂ ಪಾಲು ಕೊಡ್ತಿಯೇನು?"

"ಇವು ಖರ್ಚು ಮಾಡೋ ರೊಕ್ಕ ಅಲ್ಲ ಮಾವ."

"ಮತ್ತ ವಾಪಸ್ ಕಳಸು," ಅಂದ ಆನಂದಕುಮಾರ. "ನಂಬರ್ ತಗೊಂಡು ಫೋನ್‌ಪೇ ಮಾಡಿಬಿಡು. ಮುಗೀತು."

"ರೊಕ್ಕ ಹೋಗ್ತದ. ಆಡಿದ ಸುಳ್ಳು ಫೋನ್‌ಪೇದಾಗ ಹೋಗ್ತದೇನು?"

ಸುಂದರಬಾಯಿ ಹಿಟ್ಟು ನಾದುತ್ತಲೇ ಅಂದಳು, "ಯಾರಿಗೂ ಏನೂ ಹೇಳೋದು ಬ್ಯಾಡ. ತಿಂಗಳೊಪ್ಪತ್ತು ಸಿಟ್ಟಿರ್ತದ. ತಮ್ಮ ಕೂಸಿನ ತಾವು ಬಿಡ್ತಾರೇನು? ಬಾಯಿ ಮುಚ್ಕೊಂಡು ನೌಕರಿ ಮಾಡು."

ಭುವನೇಶ್ವರಿ ಬಾಯಿ ಮುಚ್ಚಿಕೊಂಡೇ ಹೋದಳು. ಆದರೆ ಕಾಲು ಮಾತು ಕೇಳಲಿಲ್ಲ. ಹೆರಿಗೆಯಾದರೂ ಅವಳು ಬಾಗಿಲಿಗೆ ಓಡುತ್ತಿರಲಿಲ್ಲ. ಜಬೀನ್ ಒಬ್ಬಳೇ ಓಡಿ, ಪಾಲು ತಂದು ಮುಂದೆ ಹಿಡಿದರೆ ಭುವನೇಶ್ವರಿ ಬೇಡವೆನ್ನುತ್ತಿದ್ದಳು.

"ಹಂಗ ಮಾಡಬ್ಯಾಡ ಭುವನಕ್ಕ," ಅಂದಳು ಜಬೀನ್. "ನೀ ಬ್ಯಾಡಂದ್ರ ನಾ ಕಳವು ಮಾಡಿದಂಗ ಅನಸ್ತದ. ನನ್ನ ಮನ್ಯಾಗೂ ಉಣ್ಣೋರು ಅದಾರ."

"ನಾ ನಿನಗೇನೂ ಅಂದಿಲ್ಲಲ್ಲ."

"ಅನ್ನಲಾರದೇ ಅನ್ಲಿಕತ್ತಿ ನೋಡು, ಅದೇ ತ್ರಾಸು."

ಮನೆಯಲ್ಲಿ ಮೀನು ನಿಂತಿತು, ಆಮೇಲೆ ಹಾಲು ಅರ್ಧವಾಯಿತು, ಆಮೇಲೆ ಚಹಾ ಕಪ್ಪಾಯಿತು. ಕಪ್ಪು ಚಹಾ ಕುಡಿಯುವಾಗೆಲ್ಲ ಸುಂದರಬಾಯಿ ಒಮ್ಮೆ ಜಗಲಿಯ ಕಡೆ, ಒಮ್ಮೆ ಸೊಸೆಯ ಕಡೆ ನೋಡುತ್ತಿದ್ದಳು. ನೋಟುಗಳನ್ನು ಮಾತ್ರ ಅವಳೂ ಮುಟ್ಟಲಿಲ್ಲ.

ಮೂರನೆಯ ವಾರ ಆಸ್ಪತ್ರೆಯ ಕಸ ಹೊಡೆಯುವ ಸೂಗಮ್ಮ ಸುದ್ದಿ ತಂದಳು. ಅವಳು ಕಾಳಗಿಯವಳು, ಯಂಕಮ್ಮನ ಓಣಿಯವಳೇ.

"ತೆಂಗಳಿಯವರು ತೊಟ್ಟಿಲ ಕಾರ್ಯಕ್ಕ ಬರಂಗಿಲ್ಲ ಅಂದಾರಂತ. ಆ ಹುಡುಗ ಹೆಂಡ್ತಿ ಫೋನೂ ಎತ್ತವಲ್ಲ. ರಕ್ತದ ಟೆಸ್ಟ್ ಮಾಡಸ್ರಿ, ನಮ್ಮದಂತ ಬಂದ್ರ ನೋಡೋಣು ಅಂತಾರ. 'ನನ್ನ ಮಗಳು ಯಾವ ಟೆಸ್ಟಿಗೂ ಬರಂಗಿಲ್ಲ, ಆಕಿ ಏನ್ ತಪ್ಪು ಮಾಡ್ಯಾಳ' ಅಂತ ಯಂಕಮ್ಮ ಅಳ್ಲಿಕತ್ಯಾಳ. ಬಾಣಂತಿ ಉಣ್ಣವಲ್ಲಳು. ಎದ್ಯಾಗ ಹಾಲಿಲ್ಲ."

ಸಂಜೆ ಭುವನೇಶ್ವರಿ ರೊಟ್ಟಿ ಬಡಿಯುತ್ತ, ಯಾರ ಮುಖವನ್ನೂ ನೋಡದೆ ಅಂದಳು, "ನಾ ನಾಳಿ ತೆಂಗಳಿಗಿ ಹೋಗಿ ಬರ್ತೀನಿ. ಅವರ ಮುಂದ ನಿಂತು ಖರೇ ಹೇಳ್ತೀನಿ."

"ಹೇಳು," ಅಂದಳು ಸುಂದರಬಾಯಿ. "ಅವರು ಸೀದಾ ಆಸ್ಪತ್ರಿಗಿ ಬರ್ತಾರ. ಮೇಡಂ ನಿನ್ನ ಹೊರಗ ಹಾಕ್ತಾಳ. ಆಮ್ಯಾಗ ಒಲಿ ಮ್ಯಾಲ ಏನಿಡ್ತಿ? ಖರೇ ಮಾತು ಕುದಿಸಿ ಉಣ್ಣಿಸ್ತಿಯೇನು ಭಾಗ್ಯಾಗ?"

"ಆ ಕೂಸಿಗಿ ಎದಿಹಾಲೇ ಇಲ್ಲ, ಅತ್ತಿ."

"ಅದಕ್ಕ ನಾವೇನ್ ಮಾಡ್ಬೇಕು?"

"ನಾನೇ ಮಾಡೀನಲ್ಲ."

ಆನಂದಕುಮಾರ ನಡುವೆ ಬಂದ. "ಇನ್ನ ಹದಿನೈದು ದಿನ ತಡಿ. ಫ್ಯಾಕ್ಟರಿ ಚಾಲೂ ಆಗ್ತದ ಅಂತ ಠೇಕೇದಾರ ಹೇಳ್ಯಾನ. ನನಗ ಕೆಲಸ ಬಂದ ಮ್ಯಾಲ ಹೋಗು."

"ಅಷ್ಟರಾಗ ತೊಟ್ಟಿಲು ಆಗಿ ಹೋಗ್ತದ. ಅಪ್ಪನ ಕಡೆಯವರು ಯಾರೂ ಬರಲಿಲ್ಲ ಅಂತ ಊರೆಲ್ಲ ಆಡ್ಕೋತದ. ಆ ಮಾತು ಹುಡುಗಿ ಜೀವ ಇರೋತನ ಹೋಗಂಗಿಲ್ಲ."

ಅಮೃತಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಕಾಳಗಿ ಟಪಾಲ ಆಫೀಸಿನಾಗ ಇದ್ದಾಗ ತೆಂಗಳಿಗಿ ನಾನೇ ಹೋಗ್ತಿದ್ದೆ. ಅಂಬರಾಯ ನನಗ ಗೊತ್ತು. ನಾನೂ ಬರ್ತೀನಿ."

"ಹೋಗ್ರಿ, ಮಾವ ಸೊಸಿ ಇಬ್ರೂ ಹೋಗ್ರಿ," ಅಂದಳು ಸುಂದರಬಾಯಿ. "ಬರೋವಾಗ ಜ್ವಾಳ ಯಾರರ ಪುಕ್ಕಟ ಕೊಟ್ರ ಹೊತಗೊಂಡು ಬರ್ರಿ."

ಅಷ್ಟೆಲ್ಲ ಬೈದವಳೇ ಬೆಳಿಗ್ಗೆ ಎದ್ದು ಇಬ್ಬರಿಗೂ ರೊಟ್ಟಿ, ಹಿಂಡಿ ಕಟ್ಟಿಕೊಟ್ಟಳು.

ತೆಂಗಳಿಯಲ್ಲಿ ಅಂಬರಾಯ ಕಟ್ಟೆಯ ಮೇಲೆ ಕುಳಿತಿದ್ದ. "ಪೋಸ್ಟ್ ಅಮೃತಪ್ಪ ಅಲ್ಲೇನು? ಬರ್ರಿ, ಕುಂದ್ರಿ," ಎಂದು ಎದ್ದ. ಒಳಗಿನಿಂದ ನೀರು ತಂದ ಚಂದ್ರಕಲಾ ಹಿಂದೆ ನಿಂತ ಭುವನೇಶ್ವರಿಯನ್ನು ಕಂಡು ಚರಿಗೆಯನ್ನು ನೆಲಕ್ಕಿಟ್ಟಳು.

"ಇಕಿನ್ನ ಯಾಕ ಕರಕೊಂಡು ಬಂದ್ರಿ? ಹೇಳಿಲ್ಲ ಅಂದಾಕಿ ಇಕಿನೇ."

"ನಾನೇ ಹೇಳಿದ್ದು," ಅಂದಳು ಭುವನೇಶ್ವರಿ. ನಿಂತೇ ಇದ್ದಳು. "ಗಂಡು ಅಂತ ನಾನೇ ಹೇಳಿದೆ. ಟ್ರೇದಾಗ ಇದ್ದದ್ದು ಚಿಂಚೋಳಿಯವರ ಕೂಸು. ಅದರ ಕಾಲಾಗ ಪಟ್ಟಿ ಇನ್ನಾ ಕಟ್ಟಿದ್ದಿಲ್ಲ. ಯಾರದು ಅಂತ ನಾ ಕೇಳಲಿಲ್ಲ. ಜಬೀನ್ ನನಗಿಂತ ಮೊದಲ ಬಂದ್ರ ಖುಷಿ ಆಕಿಗಿ ಹೋಗ್ತದಂತ ಓಡಿ ಬಂದೆ. ನಿಮ್ಮ ಸೊಸಿ ಹಡದದ್ದು ಹೆಣ್ಣೇ. ನಾ ಕೂಸಿನ ಮಾರಿ ನೋಡಲಿಲ್ರಿ, ನಿಮ್ಮ ಕೈ ನೋಡಿದೆ."

ಬೈಕು ಒರೆಸುತ್ತಿದ್ದ ಸಾಯಿಕುಮಾರ ಬಟ್ಟೆ ಹಿಡಿದುಕೊಂಡೇ ಹತ್ತಿರ ಬಂದ.

"ಆವತ್ತ ಯಾಕ ಇಲ್ಲ ಅಂದಿ?"

"ನೌಕರಿ ಹೋಗ್ತದಂತ."

"ಮತ್ತ ಈಗ?"

"ಈಗೂ ಹೋಗ್ತದ."

"ಈ ಮಾತು ನಿಮ್ಮ ಡಾಕ್ಟರ್ ಮುಂದ ಹೇಳ್ತಿಯೇನು?"

"ಹೇಳ್ತೀನಿ."

ಭುವನೇಶ್ವರಿ ಎರಡು ನೋಟು ಮುಂದೆ ಹಿಡಿದಳು. ಚಂದ್ರಕಲಾ ಅವನ್ನು ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಿನ್ನ ಮಾತು ಕೇಳಿ ಊರಿಗೆಲ್ಲ ಪೇಡೆ ಹಂಚಿದೆ. ಈಗ ಹೊರಗ ಹೊಂಟ್ರ, ಮೊಮ್ಮಗ ಹೆಂಗದಾನ ಅಂತ ಮಂದಿ ನಕ್ಕೋತ ಕೇಳ್ತಾರ," ಅಂದಳು. ತೊಟ್ಟಿಲಿಗೆ ಹೋಗುತ್ತೇವೆಂದೂ ಹೇಳಲಿಲ್ಲ, ಹೋಗುವುದಿಲ್ಲವೆಂದೂ ಹೇಳಲಿಲ್ಲ.

ಮರುದಿನವೇ ತಾಯಿ ಮಗ ಆಸ್ಪತ್ರೆಗೆ ಬಂದರು. ಡಾಕ್ಟರ್ ಮೇಡಂ ಎದುರಿಗೆ ಭುವನೇಶ್ವರಿ ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು. ಮೇಡಂ ತೆಂಗಳಿಯವರಿಗೆ ಚಹಾ ತರಿಸಿದರು, ಭುವನೇಶ್ವರಿಗೆ ಆ ತಿಂಗಳು ದುಡಿದಷ್ಟು ದಿನದ ಪಗಾರ ತರಿಸಿದರು. "ನಮ್ಮಲ್ಲಿ ಇಂಥಾದ್ದೆಲ್ಲ ನಡೆಯಂಗಿಲ್ಲ" ಎಂದು ತೆಂಗಳಿಯವರಿಗೆ ಹೇಳುತ್ತಿದ್ದದ್ದು ಮೆಟ್ಟಿಲಿಳಿಯುತ್ತಿದ್ದ ಭುವನೇಶ್ವರಿಗೂ ಕೇಳಿಸಿತು. ಗೇಟಿನ ತನಕ ಬಂದ ಜಬೀನ್ ಅವಳ ಕೈ ಹಿಡಿದುಕೊಂಡು ಅತ್ತುಬಿಟ್ಟಳು.

ಸುಂದರಬಾಯಿ ಎರಡು ದಿನ ಸೊಸೆಯ ಜೊತೆ ಮಾತು ಬಿಟ್ಟಳು. ಉಪ್ಪು ಬೇಕಾದರೂ ಮೊಮ್ಮಗಳ ಮೂಲಕವೇ ಕೇಳುತ್ತಿದ್ದಳು. ಮೂರನೆಯ ದಿನ ಬೆಳಿಗ್ಗೆ ತಲೆಗೆ ಹಳೆಯ ಬಟ್ಟೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತಳು.

"ಏಳು. ದಾಲ್ ಮಿಲ್ಲಿನಾಗ ಬ್ಯಾಳಿ ಆರಿಸ್ಲಿಕ್ಕಿ ಹೆಣ್ಮಕ್ಕಳು ಬೇಕಾಗ್ಯಾರಂತ."

"ನೀವ್ಯಾಕ ಬರ್ತೀರಿ, ಅತ್ತಿ? ನಿಮ್ಮ ನಡಾ ನೋಯ್ತದ."

"ಮನ್ಯಾಗ ಕುಂತ್ರೂ ನೋಯ್ತದ. ಅಲ್ಲಿ ಒಂದು ಛಲೋ ಅದ, ಯಾವ ಬ್ಯಾಳಿನೂ ಗಂಡಾ ಹೆಣ್ಣಾ ಅಂತ ಯಾರೂ ಕೇಳಂಗಿಲ್ಲ."

ಅತ್ತೆಸೊಸೆ ಇಬ್ಬರೂ ತೊಗರಿ ಧೂಳಿನಲ್ಲಿ ಸೀನುತ್ತ ಒಂದು ವಾರ ದುಡಿದರು. ಆನಂದಕುಮಾರ ಮನೆಯಲ್ಲಿ ಅನ್ನಕ್ಕಿಡಲು ಕಲಿತ. ಮೊದಲ ದಿನದ ಅನ್ನವನ್ನು ಗಂಜಿಯೆಂದು ಕರೆದು ಎಲ್ಲರೂ ಕುಡಿದರು.

ತೊಟ್ಟಿಲ ಹಿಂದಿನ ದಿನ ಸೂಗಮ್ಮ ಬಂದಳು. "ಯಂಕಮ್ಮ ಕರದಾಳ. ಭುವನಕ್ಕ ಬರಲೇಬೇಕಂತ. ಬಾಣಂತಿನೂ ಹೇಳ್ಯಾಳ."

"ನಾ ಹ್ಯಾಂಗ ಹೋಗ್ಲಿ?" ಅಂದಳು ಭುವನೇಶ್ವರಿ.

"ಕಾಲಿಲೆ ಹೋಗ್ಬೇಕು," ಅಂದಳು ಸುಂದರಬಾಯಿ. "ನಾನೂ ಬರ್ತೀನಿ. ನನ್ನ ಸೊಸಿ ನೌಕರಿ ತಿಂದ ಕೂಸು ಹೆಂಗದ ಅಂತ ನೋಡ್ಬೇಕು."

ಕಾಳಗಿಯ ಯಂಕಮ್ಮನ ಮನೆಯ ಪಡಸಾಲೆಯಲ್ಲಿ ಹೆಣ್ಣುಮಕ್ಕಳು ಕಿಕ್ಕಿರಿದಿದ್ದರು. ತೆಂಗಳಿಯವರು ಬಂದಿದ್ದರು. ಸಾಯಿಕುಮಾರ ತೊಟ್ಟಿಲಿಗೆ ಹಗ್ಗ ಕಟ್ಟುತ್ತಿದ್ದ. ಅಂಬರಾಯ ಹೊಸ್ತಿಲ ಹತ್ತಿರ ಕುಳಿತಿದ್ದ. ಆದರೆ ಚಂದ್ರಕಲಾ ಬಂದಾಗಿನಿಂದ ಗೋಡೆಗೆ ಒರಗಿ ಕುಳಿತವಳು ಎದ್ದಿರಲಿಲ್ಲ, ಮಗುವಿನ ಹತ್ತಿರವೂ ಸುಳಿದಿರಲಿಲ್ಲ. 'ಬಂದಾಳ, ಆದ್ರ ಎತ್ತಿಕೊಂಡಿಲ್ಲ' ಎಂಬ ಗುಸುಗುಸು ಬಾಗಿಲ ತನಕ ಹಬ್ಬಿತ್ತು. ಪ್ರೀತಿ ತೊಡೆಯ ಮೇಲಿನ ಮಗುವನ್ನು ನೋಡುತ್ತ ತಲೆ ಬಗ್ಗಿಸಿ ಕುಳಿತಿದ್ದಳು. ಭುವನೇಶ್ವರಿಯನ್ನು ಕಂಡು ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದಳು.

ಭುವನೇಶ್ವರಿ ಕುಳಿತಳೋ ಇಲ್ಲವೋ, ಚಂದ್ರಕಲಾ ಎದ್ದು ಬಂದಳು. ಸೊಂಟದಿಂದ ಎರಡು ನೋಟು ತೆಗೆದು ಅವಳ ಮುಂದೆ ಹಿಡಿದಳು.

"ಹಿಡಿ. ಖುಷಿ."

"ಬ್ಯಾಡ್ರಿ."

"ಯಾಕ ಬ್ಯಾಡ? ಗಂಡಂದಾಗ ತಗೊಂಡಿದ್ದಿ. ಹೆಣ್ಣಾದ್ರ ಬ್ಯಾಡೇನು?"

ಪ್ರೀತಿ ತಲೆ ಎತ್ತಿ ಭುವನೇಶ್ವರಿಯ ಮುಖವನ್ನೇ ನೋಡಿದಳು. ಭುವನೇಶ್ವರಿಗೆ ಏನು ಮಾಡಬೇಕೋ ತಿಳಿಯಲಿಲ್ಲ. ತೆಗೆದುಕೊಂಡರೆ ನೌಕರಿ ಕಳೆದುಕೊಂಡು ಬಿಟ್ಟ ಚಟ ಮತ್ತೆ ಹಿಡಿದಂತೆ. ಬೇಡವೆಂದರೆ ತಾಯಿಯ ಕಣ್ಣೆದುರಿಗೇ, ಇಷ್ಟು ಮಂದಿಯ ನಡುವೆ, ಈ ಹೆಣ್ಣಿಗೆ ಖುಷಿ ಇಲ್ಲವೆಂದಂತೆ. ಅವಳ ಕೈ ಮೇಲೆ ಬರಲೂ ಇಲ್ಲ, ಕೆಳಗೆ ಇಳಿಯಲೂ ಇಲ್ಲ.

ಸುಂದರಬಾಯಿ ಮೊಣಕಾಲಿಗೆ ಕೈಕೊಟ್ಟು ಎದ್ದಳು.

"ಯವ್ವಾ, ಖುಷಿ ಕೊಡೋದು ಆಸ್ಪತ್ರಿ ಮಂದಿಗಿ. ನನ್ನ ಸೊಸಿ ಈಗ ಆಸ್ಪತ್ರಿದಾಕಿ ಅಲ್ಲ. ಇವತ್ತ ನಾವು ಕೂಸಿನ ನೋಡ್ಲಿಕ್ಕಿ ಬಂದ ಮಂದಿ. ನಾವೇ ಕೊಡೋರು."

ಸೊಂಟದ ಸಂಚಿಯಿಂದ ಮಡಿಚಿದ ನೂರರ ನೋಟು ತೆಗೆದಳು. ಅದು ದಾಲ್ ಮಿಲ್ಲಿನ ದುಡ್ಡು, ಭಾಗ್ಯವಂತಿಯ ಚಪ್ಪಲಿಗೆಂದು ಇಟ್ಟದ್ದು. ಭುವನೇಶ್ವರಿಗೆ ಅದು ಗೊತ್ತಿತ್ತು. ಸುಂದರಬಾಯಿ ಬಗ್ಗಿ ಮಗುವಿನ ಅಂಗೈಯಲ್ಲಿ ನೋಟು ಇಟ್ಟಳು. ಪುಟ್ಟ ಬೆರಳುಗಳು ಗಪ್ಪನೆ ಮುಚ್ಚಿಕೊಂಡವು. ಭುವನೇಶ್ವರಿಯ ಕಣ್ಣು ತುಂಬಿ ಬಂತು. ಮದುವೆಯಾಗಿ ಬಂದಂದಿನಿಂದ ಅತ್ತೆಯ ಮೇಲೆ ಅವಳಿಗೆ ಅಷ್ಟು ಪ್ರೀತಿ ಎಂದೂ ಉಕ್ಕಿರಲಿಲ್ಲ.

ಮಗು ನೋಟನ್ನು ಬಾಯಿಯ ಕಡೆಗೆ ಒಯ್ಯಿತು.

"ಅಯ್ಯ, ಎಷ್ಟು ಮಂದಿ ಕೈ ಮುಟ್ಟಿದ ನೋಟು ಅದು! ಬಾಯಾಗ ಹಾಕ್ಕೋತದ, ತೆಗೀರಿ!" ಎಂದು ಚಂದ್ರಕಲಾ ತನ್ನ ನೋಟುಗಳನ್ನು ಸೊಂಟಕ್ಕೆ ಸಿಕ್ಕಿಸಿ, ತಾನೇ ಕುಕ್ಕರಗಾಲಿನಲ್ಲಿ ಕುಳಿತು ಮಗುವಿನ ಕೈ ಹಿಡಿದಳು. ಒಂದು ಬೆರಳು ಬಿಡಿಸಿದರೆ ಇನ್ನೊಂದು ಬಿಗಿಯುತ್ತಿತ್ತು. ಮೆಲ್ಲಗೆ ಎಳೆದಳು, ಬರಲಿಲ್ಲ. ಮಗು ಮುಖ ಕೆಂಪಗೆ ಮಾಡಿಕೊಂಡು ಅಜ್ಜಿಯನ್ನೇ ದಿಟ್ಟಿಸಿತು, ನೋಟು ಮಾತ್ರ ಬಿಡಲಿಲ್ಲ.

ಹೊಸ್ತಿಲ ಹತ್ತಿರದಿಂದ ಅಂಬರಾಯ ಹೆಂಡತಿಗೆ ಕೇಳುವಂತೆ ಅಂದ, "ಕೈಯಾಗ ಬಂದ ರೊಕ್ಕ ಬಿಡವಲ್ದು ನೋಡು. ನಿನ್ನ ಮೊಮ್ಮಗಳೇ ಹೌದು. ಇನ್ನ ಯಾವ ಟೆಸ್ಟೂ ಬ್ಯಾಡ."

ಪಡಸಾಲೆಯ ತುಂಬ ನಗು ಎದ್ದಿತು. ಪ್ರೀತಿಯೂ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ನೀವು ಸುಮ್ಮ ಕುಂದ್ರಿ," ಎಂದು ಚಂದ್ರಕಲಾ ಗಂಡನನ್ನು ಗದರಿಸಿ, ಮಗುವನ್ನು ಎತ್ತಿ ತನ್ನ ಮಡಿಲಿಗೆ ಹಾಕಿಕೊಂಡಳು.